ಎರಡು ಕಂಬಗಳ ನಡುವಿನ ಮಣ್ಣು

ಡಿಸೆಂಬರ್ ಹನ್ನೆರಡು, ಶುಕ್ರವಾರ. ಸಂಜೆ ನಾಲ್ಕು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಒಂದು ಕಲ್ಲಿನದು.

ದೂರು ತಂದವರು ಮಹೇಶ್ವರ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳೆಯ ಕಾಲುದಾರಿಗಳನ್ನು ಜೋಡಿಸಿ ಪ್ರವಾಸಿಗರಿಗೆ ಪಾರಂಪರಿಕ ನಡಿಗೆಯ ಹಾದಿ ಮಾಡುವ ಯೋಜನೆಯ ಎಂಜಿನಿಯರ್. ಗುಂಡ್ಯದ ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ, ಕಾಡುದಾರಿಯ ತಿರುವಿನಲ್ಲಿ ಒಂದು ಹೊರೆಗಲ್ಲು ಇತ್ತು: ಆಳೆತ್ತರದ ಎರಡು ಕಂಬ, ಮೇಲೊಂದು ಅಡ್ಡಗಲ್ಲು. ತಲೆಹೊರೆಯವರು ಯಾರ ಕೈಯ ಸಹಾಯವೂ ಇಲ್ಲದೆ ಹೊರೆ ಇಳಿಸಿ ಉಸಿರು ಬಿಡಲೆಂದು ಹಿಂದಿನವರು ನಿಲ್ಲಿಸಿದ್ದು. ಸೋಮವಾರ ಜೆಸಿಬಿ ತಂದು ಅದನ್ನು ಬುಡಸಮೇತ ಕಿತ್ತು, ಹೆದ್ದಾರಿ ಬದಿಯ ಸ್ವಾಗತದ್ವಾರದಲ್ಲಿ ನಿಲ್ಲಿಸುವುದಿತ್ತು. ಈಗ ಅಡ್ಡಗಲ್ಲೇ ಇಲ್ಲ.

"ಕೊನೆಗೆ ನೋಡಿದ್ದು ಯಾವಾಗ?" ಎಸ್‌ಐ ಸತ್ಯವತಿ ಕೇಳಿದರು.

"ಹನ್ನೆರಡೂವರೆಗೆ ಇತ್ತು ಮೇಡಂ. ಕೆಲಸದವರು ಕೆಲವರು ಊಟಕ್ಕೆ, ಕೆಲವರು ಜುಮಾ ನಮಾಜಿಗೆ ಹೋದ್ರು. ಎರಡೂವರೆಗೆ ಬಂದು ನೋಡಿದ್ರೆ ಇಲ್ಲ."

"ಕಂಬ?"

"ಕಂಬ ಉಂಟು. ಬರೀ ಕಂಬ ಕಿತ್ತು ಎಂತ ಮಾಡುದು? ಮೇಲೆ ಹೊಸ ಕಲ್ಲು ಇಟ್ಟು ಹಳೆಯದು ಅಂತ ಹೇಳ್ಲಿಕ್ಕಾಗ್ತದಾ? ಜೆಸಿಬಿ ಬೇಡ ಅಂತ ಹೇಳಿಯಾಯ್ತು."

ನಾಲ್ಕು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಶನಿವಾರ ಬೆಳಿಗ್ಗೆ ಎಂಟೂಕಾಲಕ್ಕೆ ಸ್ಥಳ ಪಂಚನಾಮೆ. ಹೆಡ್ ಕಾನ್‌ಸ್ಟೆಬಲ್ ಚೆನ್ನಕೇಶವ ಸುಳ್ಯ ಕಡೆಯವರು, ನಿವೃತ್ತಿಗೆ ಎರಡು ವರ್ಷ ಬಾಕಿ. ಕಂಬಗಳು ಕಂಡದ್ದೇ ಅವರ ಕಾಲು ನಿಂತಿತು. ಪ್ಯಾಂಟಿಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದರು.

"ಮುಳ್ಳು ಸಂಜೆಗೆ ತೆಗೀರಿ. ಕಲ್ಲಿಗೆ ಹೆದರುದಾ ನೀವು?"

"ಕಲ್ಲಿಗಲ್ಲ ಮೇಡಂ. ಬಸುರಿಯಲ್ಲಿ ಸತ್ತವಳ ಹೆಸರಿನಲ್ಲಿ ಹೊರೆಗಲ್ಲು ನಿಲ್ಲಿಸುದು ಅಂತ ನಮ್ಮ ಅಜ್ಜಿ ಹೇಳ್ತಿದ್ರು. ಅವಳಿಗೆ ಇಳಿಸ್ಲಿಕ್ಕೆ ಆಗದ ಹೊರೆ, ಬೇರೆಯವರಾದ್ರೂ ಇಳಿಸ್ಲಿ ಅಂತ."

ಕೆಳಗೆ ಹೊಳೆಯ ಸದ್ದು. ಅದರ ನಡುವೆ, ಬಹಳ ಹೊತ್ತು ತಡೆದಿಟ್ಟ ಉಸಿರನ್ನು ಯಾರೋ ಹತ್ತಿರದಲ್ಲೇ ಬಿಟ್ಟ ಹಾಗೆ ಕೇಳಿಸಿತು. ಸತ್ಯವತಿ ತಿರುಗಿದರು. ಚೆನ್ನಕೇಶವರೂ ತಿರುಗಿದ್ದರು.

"ಬಿದಿರು," ಎಂದರು ಚೆನ್ನಕೇಶವ, ಯಾರೂ ಕೇಳದಿದ್ದರೂ.

ಪಂಚರ ಸಮಕ್ಷಮ ನೆಲವನ್ನು ಅಂಗುಲ ಅಂಗುಲವಾಗಿ ನೋಡಿದರು. ಹಾರೆ ಊರಿದ ಗುರುತು, ಮರದ ಉರುಳುಗಳ ಮೇಲೆ ಕಲ್ಲು ಜಾರಿದ ಗುರುತು, ಬರಿಗಾಲಿನ ಒಬ್ಬನದೇ ಹೆಜ್ಜೆ. ಆದರೆ ಒಂದು ವಿಚಿತ್ರವಿತ್ತು. ಕಲ್ಲನ್ನು ಮುಂದಕ್ಕೆ ಎಳೆದು ಕಂಬಗಳ ನಡುವೆ ಇಳಿಸಿದ್ದರೆ ಸುಲಭದಲ್ಲಿ ಹೊಳೆಯ ಇಳಿಜಾರು ಸಿಗುತ್ತಿತ್ತು. ಕಳ್ಳ ಹಾಗೆ ಮಾಡಿರಲಿಲ್ಲ. ಹಿಂದಿನ ಏರುದಿಬ್ಬಕ್ಕೆ ಕಲ್ಲನ್ನು ಜಾರಿಸಿ, ದೊಡ್ಡ ಸುತ್ತು ಬಳಸಿ ಕೆಳಗೆ ಒಯ್ದಿದ್ದ. ಎರಡು ಕಂಬಗಳ ನಡುವೆ ಒಂದು ಹೆಜ್ಜೆಯೂ ಇಲ್ಲ.

'ಎರಡು ಕಂಬಗಳ ನಡುವಿನ ಮಣ್ಣು ಕದಡಿಲ್ಲ' ಎಂದು ಪಂಚನಾಮೆಯಲ್ಲಿ ಬರೆಸಿದರು.

ಬಲಗಂಬದ ತುದಿಯಲ್ಲಿ ಒಂದು ಸಿಂಬೆ ಇತ್ತು, ಹೊರೆಯ ಅಡಿಗೆ ತಲೆಯ ಮೇಲಿಡುವ ಬಳೆ. ಚೆನ್ನಕೇಶವ ಅದನ್ನು ಕರವಸ್ತ್ರದಲ್ಲಿ ಹಿಡಿದು ತಿರುಗಿಸಿದರು.

"ಅಡಿಕೆ ಹಾಳೆ ಸೇರಿಸಿ ಹೊಲಿದದ್ದು ಮೇಡಂ. ಸೊಪ್ಪಿನವರು, ಅಕ್ಕಿಯವರು ಬರೀ ಬಟ್ಟೆಯದ್ದು ಇಡುದು. ಹಾಳೆಯದ್ದು ಮೀನಿನವರಿಗೆ. ಉಪ್ಪುನೀರು ಕುತ್ತಿಗೆಗೆ ಇಳಿಯಬಾರದಲ್ಲ."

"ಹಾಳೆ ಹಸಿ ಉಂಟು. ಈ ವಾರದ್ದೇ."

"ಈಗ ಮೀನು ತಲೆಯಲ್ಲಿ ಹೊರುವವ ಯಾರಿದ್ದಾನೆ ಮೇಡಂ? ಎಲ್ಲ ಸ್ಕೂಟರಿನಲ್ಲಿ ಹೋಗುದು."

ಹಾಗಿದ್ದರೆ ಹಿಂದೆ ಹೊತ್ತವನು. ಹೊರೆ ಇಳಿಸಿ ಸಿಂಬೆಯನ್ನು ಕಲ್ಲಿನ ಮೇಲಿಡುವ ಅಭ್ಯಾಸ ಕೈಗೆ ಅಂಟಿದವನು.

ಮಧ್ಯಾಹ್ನ ಹನ್ನೆರಡಕ್ಕೆ ಕೆಲಸದ ಮೇಸ್ತ್ರಿ ಶಮೀರ್‌ನ ವಿಚಾರಣೆ. ಜುಮಾಕ್ಕೆ ಮಸೀದಿಗೆ ಹೋಗಿದ್ದವರಲ್ಲಿ ಅವನೂ ಒಬ್ಬ.

"ನಿನ್ನೆ ಪಳ್ಳಿಯಲ್ಲಿ ಹೊಸಬರು ಯಾರಾದ್ರೂ ಇದ್ರಾ?"

"ಇಲ್ಲ ಮೇಡಂ."

"ಇರಬೇಕಾದವರು ಇಲ್ಲದ್ದು?"

ಶಮೀರ್ ಬೆರಳು ಮಡಚಿ ಲೆಕ್ಕ ಹಾಕಿದ. "ಒಬ್ರು ಅಜ್ಜ ಇರ್ಲಿಲ್ಲ. ಮೂಸಕುಂಞಿ ಕಾಕ. ಕಾಣಿಯೂರಿನಿಂದ ಬಸ್ಸಿನಲ್ಲಿ ಬರುದು, ಪ್ರತಿ ಶುಕ್ರವಾರ. ಅವರ ಮನೆ ಹತ್ರವೇ ಪಳ್ಳಿ ಉಂಟು, ಆದ್ರೂ ಇಲ್ಲಿಗೇ ಬರುದು. ಅವರ ಮೊದಲ ಮಗುವನ್ನು ಈ ಪಳ್ಳಿಯಲ್ಲಿಯೇ ಮಣ್ಣು ಮಾಡಿದ್ದಂತೆ. ನಿನ್ನೆ ಮುಂದಿನ ಸಾಲಲ್ಲಿ ಅವರ ಜಾಗ ಖಾಲಿ."

"ಅವರು ಮೊದಲು ಎಂತ ಮಾಡ್ತಿದ್ದದ್ದು?"

"ಒಣಮೀನಿನ ವ್ಯಾಪಾರ. ತಲೆಹೊರೆ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಜೀಪು ಕಾಣಿಯೂರಿನ ಆ ಮನೆಯ ಮುಂದೆ ನಿಂತಿತು. ಒಳಗಿನಿಂದ ಹೆಂಗಸೊಬ್ಬರು ಮಾಲೆ, ಎಂದರೆ ಸಂತರ ಸ್ತುತಿಪದ್ಯ, ಹೇಳುವ ರಾಗ ಕೇಳುತ್ತಿತ್ತು. ಸತ್ಯವತಿಗೆ ಮಾತು ತಿಳಿಯಲಿಲ್ಲ, ರಾಗ ತಿಳಿಯಿತು; ಮನೆಯಲ್ಲಿ ಅಜ್ಜ ಕಾವ್ಯ ಓದುವಾಗ ಸಾಲಿನ ಕೊನೆಯಲ್ಲಿ ಹೀಗೇ ದನಿ ಇಳಿಸುತ್ತಿದ್ದರು. ಆ ಸಾಲು ಮುಗಿಯುವ ತನಕ ಅಂಗಳದಲ್ಲೇ ನಿಂತರು.

ಹೊರಬಂದ ಮೂಸಕುಂಞಿಗೆ ಎಪ್ಪತ್ತೆರಡು. ಕುತ್ತಿಗೆ ಇನ್ನೂ ಕಂಬದಂತಿತ್ತು. ಸತ್ಯವತಿ ಸಿಂಬೆ ತೋರಿಸಿದರು.

"ಕಾಕ, ಇದು ನಿಮ್ಮದಾ?"

ಅವರು ಒಳಬಾಗಿಲನ್ನೊಮ್ಮೆ ನೋಡಿದರು. "ನನ್ನದೇ. ಉಳಿದದ್ದು ಅಲ್ಲಿ ಹೋಗಿ ಮಾತಾಡುವ ಮೇಡಂ. ಇಲ್ಲಿ ಬೇಡ."

ಅವರು ತೋರಿಸಿದ ಹೊಳೆಯ ಗುಂಡಿಯಲ್ಲಿ, ಸೊಂಟದಾಳದ ನೀರಿನೊಳಗೆ ಅಡ್ಡಗಲ್ಲು ಸಿಕ್ಕಿತು. ಜಪ್ತಿ ಪಂಚನಾಮೆ ಹನ್ನೊಂದೂ ಮುಕ್ಕಾಲಕ್ಕೆ ಮುಗಿಯಿತು.

"ಒಬ್ಬರೇ ಹೇಗೆ ತೆಗ್ದದ್ದು?"

"ಹಾರೆ ಕೊಟ್ಟು, ತಲೆ ಕೊಟ್ಟು ಎತ್ತಿದ್ದು. ಮೂವತ್ತು ವರ್ಷ ಹೊತ್ತ ತಲೆ."

"ಸಿಂಬೆ ಯಾಕೆ ಬಿಟ್ಟು ಹೋದ್ರಿ?"

"ಬಿಟ್ಟದ್ದಲ್ಲ. ಹೊರೆ ಇಳಿದ ಮೇಲೆ ಸಿಂಬೆ ಕಲ್ಲಿಗೆ. ಕೈ ತಾನೇ ಇಟ್ಟಿತು."

"ಯಾರಿಗೆ ಮಾರ್ಲಿಕ್ಕೆ?"

ಮುದುಕರು ನಕ್ಕರು. "ಇದನ್ನು ಯಾರು ಕೊಳ್ಳುದು ಮೇಡಂ?"

"ಮತ್ತೆ?"

ಅವರು ಕಂಬಗಳ ಬಳಿಗೆ ಹೋಗಿ, ಹೊರಗಡೆಯೇ ನಿಂತರು.

"ಎಂಬತ್ತನಾಲ್ಕನೇ ಇಸವಿ, ಆಟಿ ತಿಂಗಳ ಜೋರು ಮಳೆ. ಆಗ ನಮ್ಮ ಮನೆ ಇಲ್ಲಿಂದ ಮೇಲೆ. ಹೆಂಡತಿ ಅಲೀಮಮ್ಮನಿಗೆ ನೋವು ಬಂತು. ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದೆವು. ಇಲ್ಲಿ ಇಳಿಸಿದಾಗ ಹೆರಿಗೆಯಾಯ್ತು. ಹೆಣ್ಣು. ಅಳಲೇ ಇಲ್ಲ. ಇವಳಿಗೆ ರಕ್ತ ನಿಲ್ಲುದಿಲ್ಲ. ಭಾವಂದಿರು ಹೆದ್ದಾರಿಗೆ ಹೊತ್ತುಕೊಂಡು ಹೋದ್ರು, ಅಲ್ಲಿಂದ ಜೀಪಿನಲ್ಲಿ ಪುತ್ತೂರಿಗೆ. ಮಗು ನನ್ನ ಕೈಯಲ್ಲಿ. ಪಳ್ಳಿ ಹೊಳೆಯ ಆಚೆ, ಹೊಳೆ ಕಡಲಿನ ಹಾಗೆ. ಕತ್ತಲಾಗುವ ತನಕ ನಿಂತೆ. ಮತ್ತೆ ಇಲ್ಲಿ..." ಕಂಬಗಳ ನಡುವೆ ನೋಡಿದರು. "ಮರುದಿನ ಆಸ್ಪತ್ರೆಯಲ್ಲಿ ಕೇಳಿದಳು, ಮಣ್ಣು ಮಾಡಿದ್ದು ಪಳ್ಳಿಯಲ್ಲಿ ಅಲ್ವಾ ಅಂತ. ಹೌದು ಅಂತ ತಲೆ ಆಡಿಸಿದೆ. ಆಡಿಸಿದ ತಲೆ ಮತ್ತೆ ಹಿಂದೆ ತೆಗೀಲಿಕ್ಕೆ ಆಗ್ಲಿಲ್ಲ."

ಚೆನ್ನಕೇಶವ ಟೋಪಿ ತೆಗೆದಿದ್ದರು.

"ಪ್ರತಿ ಶುಕ್ರವಾರ ಪಳ್ಳಿಯಿಂದ ಇಲ್ಲಿಗೆ ಬರುದು. ಅಲ್ಲಿ ಮಗುವಿಗೆ ಸಲಾಂ ಹೇಳಿ ಅಂತ ಅವಳು ಕಳಿಸುದು. ಜೆಸಿಬಿ ಬಂದ್ರೆ ಬುಡ ಅಗೆಯುದಿಲ್ಲವಾ? ಮೇಲಿನ ಕಲ್ಲು ಇಲ್ಲದಿದ್ರೆ ಕಂಬ ಯಾರಿಗೂ ಬೇಡ ಅಂತ ಎಣಿಸಿದೆ." ಎರಡೂ ಕೈ ಮುಂದೆ ಚಾಚಿದರು. "ಕದ್ದದ್ದು ಹೌದು, ಬರ್ಕೊಳ್ಳಿ. ಜೈಲಿಗೂ ಹಾಕಿ. ಅವಳಿಗೆ ಮಾತ್ರ ಹೇಳುದು ಬೇಡ."

"ಬಂಧಿಸಿದ್ರೆ ಮನೆಯವರಿಗೆ ಕಾರಣ ಹೇಳ್ಲೇಬೇಕು ಕಾಕ. ಕಾಗದಕ್ಕೆ ಅವರ ಹೆಬ್ಬೆಟ್ಟು ಬೇಕು."

"ಎಷ್ಟು ಹೇಳ್ಬೇಕು?"

ಸತ್ಯವತಿ ಬಂಧನದ ಕಾಗದ ತೆಗೆದು, ಕಾರಣ ಬರೆಯುವ ಖಾಲಿ ಜಾಗ ಎಷ್ಟಿದೆಯೆಂದು ನೋಡಿದರು.

ಮಧ್ಯಾಹ್ನ ಎರಡು ಹತ್ತಕ್ಕೆ ಕಾಣಿಯೂರಿನ ಮನೆಯ ಅಂಗಳದಲ್ಲಿ ಬಂಧನ. ಚೆನ್ನಕೇಶವ ಮೂಸಕುಂಞಿಯನ್ನು ಜೀಪಿನತ್ತ ಕರೆದೊಯ್ದರು. ಸತ್ಯವತಿ ಜಗಲಿಯಲ್ಲಿ ಅಲೀಮಮ್ಮನ ಎದುರು ಕುಳಿತು ಕಾಗದ ಓದಿದರು: ಗುಂಡ್ಯ ಬಳಿಯ ಹೊರೆಗಲ್ಲಿನ ಅಡ್ಡಗಲ್ಲನ್ನು ಕದ್ದು ಹೊಳೆಯಲ್ಲಿ ಅಡಗಿಸಿಟ್ಟದ್ದು. ಅಷ್ಟೇ ಓದಿದರು.

ಅಲೀಮಮ್ಮ ತಲೆಯ ಬಟ್ಟೆ ಸರಿಮಾಡಿಕೊಂಡರು. ಜೀಪಿನ ಕಡೆ ನೋಡಿ, ದನಿ ತಗ್ಗಿಸಿದರು.

"ಮೇಡಂ, ಬುಡ ಅಗೆದ್ರಾ?"

ಸತ್ಯವತಿಯ ಕೈಯಲ್ಲಿ ಶಾಯಿಯ ಡಬ್ಬಿ ಹಾಗೇ ನಿಂತಿತು.

"ನಲ್ವತ್ತೊಂದು ವರ್ಷ ಇವರ ಮುಂಡಿನಿಂದ ಹುಲ್ಲಿನ ಮುಳ್ಳು ತೆಗ್ದವಳು ನಾನು, ಪ್ರತಿ ಶುಕ್ರವಾರ ಸಂಜೆ," ಅಲೀಮಮ್ಮ ಹೇಳಿದರು. "ಪಳ್ಳಿಯ ಅಂಗಳದಲ್ಲಿ ಆ ಮುಳ್ಳು ಎಲ್ಲಿಂದ ಬರುದು? ನನಗೆ ಗೊತ್ತುಂಟು ಅಂತ ಅವರಿಗೆ ಹೇಳ್ಬೇಡಿ. ತಡ್ಕೊಳ್ಳುದಿಲ್ಲ."

"ಅಗೆದಿಲ್ಲ ಅಮ್ಮ."

ಅಲೀಮಮ್ಮ ಬಹಳ ಹೊತ್ತು ತಡೆದಿಟ್ಟ ಉಸಿರನ್ನು ಬಿಟ್ಟರು. ಸತ್ಯವತಿ ಆ ಸದ್ದನ್ನು ಶನಿವಾರ ಬೆಳಿಗ್ಗೆ ಒಮ್ಮೆ ಕೇಳಿದ್ದರು. ಮುದುಕಿಯೇ ಹೆಬ್ಬೆರಳನ್ನು ಶಾಯಿಗೆ ಒತ್ತಿ, ತೋರಿಸಿದ ಜಾಗದಲ್ಲಿ ಊರಿದರು.

ಆರೋಪಿಯನ್ನು ಆ ಸಂಜೆ ಪುತ್ತೂರಿನಲ್ಲಿ ನ್ಯಾಯಾಧೀಶರ ಮುಂದೆ ಹಾಜರುಪಡಿಸಲಾಯಿತು. ವಯಸ್ಸು ನೋಡಿ ಮರುದಿನವೇ ಜಾಮೀನು ಸಿಕ್ಕಿತು. ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಸತ್ಯವತಿ ಬರೆದದ್ದು ಒಂದೇ ಸಾಲು: 'ಹೊರೆಗಲ್ಲು ಇದ್ದ ಜಾಗದಲ್ಲೇ ಇರಬೇಕೆಂಬ ಹಂಬಲ.' ಮಹೇಶ್ವರರಿಗೆ ಕಳಿಸಿದ ಪತ್ರದಲ್ಲಿ, ಅಡ್ಡಗಲ್ಲನ್ನು ನ್ಯಾಯಾಲಯ ಬಿಟ್ಟುಕೊಟ್ಟ ಮೇಲೆ ಅದೇ ಕಂಬಗಳ ಮೇಲೆ ಇರಿಸಿ, ನಡಿಗೆಯ ಹಾದಿಯನ್ನು ನಾಲ್ಕು ಮಾರು ಆಚೆ ಸರಿಸಬೇಕೆಂದು ಕೋರಿದ್ದರು. ಪತ್ರದ ಜೊತೆ ಸ್ಥಳ ಪಂಚನಾಮೆಯ ಪ್ರತಿ ಇತ್ತು. ಅದರಲ್ಲಿ ಒಂದು ಸಾಲಿನ ಅಡಿಗೆ ಅವರು ಗೆರೆ ಎಳೆದಿದ್ದರು.