ಮಾನಮ್ಮನ ಎಡಗಾಲ ಚಪ್ಪಲಿ

ದೇವಾಪುರದ ಕಾಲುವೆ ದಂಡೆಯಲ್ಲಿ ಒಂದು ಜೊತೆ ಚಪ್ಪಲಿ. ಪಕ್ಕದಲ್ಲಿ ಮಡಚಿಟ್ಟ ಶಾಲು. ನೀರು ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಮಂಜಿನೊಳಗೆ ನಿಧಾನಕ್ಕೆ ಹೋಗುತ್ತಿತ್ತು.

“ನಮ್ಮ ತಂಗಿ ಮಾನಮ್ಮನ ಚಪ್ಪಲಿರಿ,” ಎಂದ ಖಂಡಪ್ಪ. “ಜಡ್ಡಿಗೆ ಬ್ಯಾಸತ್ತು ಹಾರ್ಯಾಳ.”

ಅವನು ಕೊಟ್ಟ ಫೋಟೋದಲ್ಲಿ ಕರಿಜಡೆಯ ನಗುಮುಖದ ಹುಡುಗಿ.

ಸುರಪುರದ ಪಿ.ಎಸ್.ಐ. ಗೊಲ್ಲಾಳಮ್ಮನಿಗೆ ಆ ನೀರು ನೋಡುತ್ತಾ ನಿಂತರೆ ಜೋಂಪು ಹತ್ತುತ್ತಿತ್ತು. ಕಾಲುವೆ ಬಂದಮೇಲೆ ಊರಿಗೆ ಭತ್ತ ಬಂತು, ಇಂಥ ಚಪ್ಪಲಿಗಳೂ ಬಂದವು. ಗೇಟು ಇಳಿಸಿ, ನೀರು ನಿಲ್ಲಿಸಿ ಹುಡುಕಿಸಿದಳು. ಹೆಣ ಸಿಗಲಿಲ್ಲ.

ಖಂಡಪ್ಪನ ಅಂಗಳದಲ್ಲಿ ಹಸಿರು ಹಂದರ. ಮಗಳು ತಿಮ್ಮವ್ವನ ಮದುವೆ, ಅವಳ ಸೋದರಮಾವನ ಜೊತೆ.

“ಹಂದರ ಬಿಚ್ಚಿಲ್ಲೇನು?”

“ಹೆಣ ಸಿಗದ ಸೂತಕ ಹ್ಯಾಂಗ್ರಿ, ಮೇಡಂ?”

ಮನೆಯಲ್ಲಿ ಅತ್ತವಳು ತಿಮ್ಮವ್ವ ಒಬ್ಬಳೇ. ಅವಳ ಹಣೆಯಂಚಿಗೆ ಕಾಡಿಗೆ ಮೆತ್ತಿತ್ತು. ಕಣ್ಣೊರೆಸಿಕೊಂಡ ಕೈ ತಾಗಿರಬೇಕು ಎಂದುಕೊಂಡಳು ಗೊಲ್ಲಾಳಮ್ಮ.

* * *

ಆಸ್ಪತ್ರೆಯ ನರ್ಸ್ ಶರೀಫಾಬೀ ಫೋಟೋ ನೋಡಿ ತಲೆಯಾಡಿಸಿದಳು.

“ಇದು ಹಳೇದ್ರಿ. ಈಗ ಮಾನಮ್ಮನ ತಲಿ ಹತ್ತಿಯಂಗ ಬೆಳ್ಳಗ. ಮೂವತ್ನಾಕು ವಯಸ್ಸು, ನೋಡಾಕ ಎಪ್ಪತ್ತರ ಮುದುಕಿ. ಹರೇದಾಗ ಮುಪ್ಪು ಬರೋ ಜಡ್ಡು, ಭಾಳ ಅಪರೂಪದ್ದು. ಅಂಥವರಿಗೆ ಕ್ಯಾನ್ಸರೂ ಲಗೂನ ಬರಬಹುದು ಅಂತ ಡಾಕ್ಟರ್ ಹೇಳ್ಯಾರ. ಎಡ ಅಂಗಾಲಿನ್ಯಾಗ ಕರಿ ಗಂಟು ಎದ್ದೈತಿ. ಈಗ ತೆಗೆದ್ರ ಉಳೀತಾಳ, ತಡಾ ಆದ್ರ ಮೈಗೆಲ್ಲಾ ಹಬ್ಬತೈತಿ ಅಂತ ಅವರ ಮನಿಗಿ ಹೋಗಿ ಹೋಗಿ ಹೇಳೀನ್ರಿ.”

“ನಡೀತಿದ್ದಳೇನು?”

“ಗಂಟು ಒತ್ತಬಾರದಂತ ನಾನಾ ಎಡ ಚಪ್ಪಲಿಗೆ ತೂತು ಕೊರೆದು ಕೊಟ್ಟೀನ್ರಿ.”

ಗೊಲ್ಲಾಳಮ್ಮ ದಂಡೆಯಲ್ಲಿ ಸಿಕ್ಕ ಚಪ್ಪಲಿಗಳನ್ನು ಚೀಲದಿಂದ ತೆಗೆದು ತಿರುಗಿಸಿದಳು. ಎರಡರಲ್ಲೂ ತೂತಿರಲಿಲ್ಲ. ಜೋಂಪು ಅಲ್ಲೇ ಹಾರಿಹೋಯಿತು.

* * *

ಖಂಡಪ್ಪ ಹರಕೆಯೆಂದು ದಿನಾ ತಿಂಥಣಿಯ ಗುಡಿಗೆ ಹೋಗುತ್ತಾನೆ, ಡಬ್ಬಿಯಲ್ಲಿ ಗಂಜಿ ಹಿಡಿದು ಎಂದರು ಓಣಿಯವರು. ದೇವರಿಗೆ ಗಂಜಿ ಒಯ್ಯುವ ಭಕ್ತನನ್ನು ಗೊಲ್ಲಾಳಮ್ಮ ಕಂಡಿರಲಿಲ್ಲ.

ಮೌನೇಶ್ವರನ ಗುಡಿಯ ಕಟ್ಟೆಯ ಮೇಲೆ ಮುದುಕಿಯರ ಸಾಲು. ಎಳೆಬಿಸಿಲು, ಕೃಷ್ಣೆಯ ಸದ್ದು. ಎಲ್ಲರೂ ಸೇರಿ ಒಂದೇ ಕನಸು ಕಾಣುತ್ತಿರುವಂತೆ ತೂಕಡಿಸುತ್ತಿದ್ದರು. ಗೊಲ್ಲಾಳಮ್ಮ ಮುಖ ನೋಡಲಿಲ್ಲ, ಬಿಟ್ಟ ಚಪ್ಪಲಿಗಳನ್ನು ನೋಡುತ್ತಾ ಹೋದಳು. ಕೊನೆಯ ಮುದುಕಿಯ ಎಡ ಚಪ್ಪಲಿಯಲ್ಲಿ ತೂತು.

“ಮಾನಮ್ಮಾ?”

ಮುದುಕಿ ಮೆಲ್ಲಗೆ ಕಣ್ಣು ತೆರೆದಳು. ಸಣ್ಣ, ಕೀರಲು ದನಿ. “ತಿಮ್ಮಿ ಮದಿವಿ ಮುಗೀತೇನ್ರಿ? ಮುಗಿಯೂತನಾ ಇಲ್ಲೇ ಕುಂದ್ರು ಅಂದಾನ ಅಣ್ಣ.”

* * *

ಜೀಪು ಹಂದರದ ಮುಂದೆ ನಿಂತಿತು. ಒಳಗೆ ಕೂತ ತಂಗಿಯನ್ನು ಕಂಡು ಖಂಡಪ್ಪನ ಮುಖ ಬಿಳಚಿಕೊಂಡಿತು.

“ಊರೆಲ್ಲ ಕರಿಜಡಿ ಹುಡುಕಲಿ ಅಂತ ಹಳೇ ಫೋಟೋ ಕೊಟ್ಟಿ,” ಎಂದಳು ಗೊಲ್ಲಾಳಮ್ಮ. “ಮನ್ಯಾಗಿನ ಹಳೇ ಚಪ್ಪಲಿ ದಂಡಿಮ್ಯಾಲ ಇಟ್ಟಿ. ತಂಗಿ ಅಂಗಾಲು ನೀ ನೋಡೇ ಇಲ್ಲ, ಅದಕ್ಕ ತೂತಿನ ಸುದ್ದಿ ನಿನಗ ಗೊತ್ತಿಲ್ಲ. ಆಕಿ ಹೋದಳಂದ್ರ ನರ್ಸ್ ಬರೂದು ನಿಲ್ತೈತಿ. ಹೆಣ ಇಲ್ಲಂದ್ರ ಸೂತಕ ಇಲ್ಲ, ಮದಿವಿ ನಿಲ್ಲೂದಿಲ್ಲ. ಹೌದಲ್ಲೋ?”

ಖಂಡಪ್ಪ ಹಂದರದ ಕಂಬಕ್ಕೆ ಒರಗಿ ಕೂತ. “ನಮ್ಮವ್ವನೂ ಸ್ವಾದರಮಾವನ್ನ ಮಾಡಿಕೊಂಡಾಕಿರಿ. ಒಳಗೊಳಗ ಸಂಬಂಧ ಮಾಡಿದ್ರ ಈ ಜಡ್ಡು ಮಕ್ಕಳಿಗಿ ಬರತೈತಿ ಅಂದ್ಲು ನರ್ಸ್. ಬೀಗರ ಕಿವಿಗಿ ಬಿದ್ರ ನನ್ನ ಮಗಳ್ನ ಯಾರು ಮಾಡಿಕೋತಾರ್ರಿ?”

ಗೊಲ್ಲಾಳಮ್ಮನಿಗೆ ಸಿಟ್ಟು ಬಂತು, ಪಾಪವೂ ಅನ್ನಿಸಿತು. “ಸುಳ್ಳು ದೂರಿನ ಕೇಸು ಆಮ್ಯಾಲ. ಮೊದಲ ದವಾಖಾನಿ.”

ಆಗ ತಿಮ್ಮವ್ವ ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದಳು. ಅಪ್ಪನ ಎದುರಿಗೇ ನಿಂತು ಬೈತಲೆ ಒರೆಸಿಕೊಂಡಳು. ಕಾಡಿಗೆ ಹೋಯಿತು. ಕೂದಲ ಬುಡವೆಲ್ಲ ಬೆಳ್ಳಗಿತ್ತು.

“ವರ್ಷಾತು ಅಪ್ಪಾ, ಮುಚ್ಚಿಕೋತ ಬಂದೀನಿ.”

ಜೀಪು ಹತ್ತಿ ಅತ್ತೆಯ ಕೈ ಹಿಡಿದು ಕೂತಳು. “ನನ್ನೂ ಡಾಕ್ಟರಿಗಿ ತೋರಸ್ರಿ, ಮೇಡಂ.”

ಖಂಡಪ್ಪ ಮಗಳ ತಲೆ ನೋಡಿದ. ಆಮೇಲೆ ಎದ್ದು, ತಾನೇ ಕಟ್ಟಿದ್ದ ಹಂದರದ ಹಗ್ಗ ಬಿಚ್ಚತೊಡಗಿದ.