ಹಿಂದಕ್ಕೆ ಕೊಟ್ಟ ವೀಳ್ಯ

"ಕಳ್ದೋದ ಮರಿ ಹುಡ್ಕೋರು ಇಂಗೆ ತಲೆಗೆ ಎಣ್ಣೆ ಹಚ್ಚಿ ಬಾಚ್ಕೊಂಡು ಬರ್ತಾರೇನ್ಲಾ?"

ಗೌರಕ್ಕ ಗುಡಿಸಲೊಳಗಿಂದಲೇ ಕೇಳಿದಳು. ಹಟ್ಟಿಯ ಮುಳ್ಳುಬೇಲಿಯೊಳಗೆ ನಿಂತಿದ್ದ ಯತ್ತಪ್ಪ ತಲೆ ಮುಟ್ಟಿಕೊಂಡು ನಕ್ಕ.

"ಮರಿ ಸಿಕ್ತು ಬುಡು. ಕೂಸು ಎದ್ದೈತಾ?"

"ನಿನ್ ಗಂಟ್ಲು ಕೇಳಿದ್ ಮ್ಯಾಲೆ ಮಲಗೋದೆಲ್ಲಿ?"

ಬಾಯಿ ಗದರಿಸಿತು, ಕೈ ಸೆರಗು ಸರಿಮಾಡಿಕೊಂಡಿತು. ಅದನ್ನು ಅವನು ನೋಡಿದ್ದನ್ನು ಅವಳೂ ನೋಡಿದಳು.

ಪಟ್ಟನಾಯಕನಹಳ್ಳಿಯ ಹತ್ತಿರದ ಆ ಗೊಲ್ಲರಹಟ್ಟಿಯಲ್ಲಿ ಹೆತ್ತವಳು ಸೂತಕ ಕಳೆಯುವವರೆಗೆ ಮಗುವಿನೊಂದಿಗೆ ಹಟ್ಟಿಯ ಹೊರಗಿನ ಗುಡಿಸಲಲ್ಲೇ ಇರಬೇಕು. ಯಾರೂ ಮುಟ್ಟುವ ಹಾಗಿಲ್ಲ. ಉಳಿದ ಹೆಂಗಸರು ಅಲ್ಲಿ ಒಂಟಿತನಕ್ಕೆ ಅತ್ತಿದ್ದರು. ಗೌರಕ್ಕನಿಗೆ ಮಾತ್ರ ಅದೇ ನೆಮ್ಮದಿಯ ಜಾಗ. ಅಲ್ಲಿರುವಷ್ಟು ದಿನ ಅವಳ ಮಡಿಲಿಂದ ಕೂಸನ್ನು ಯಾರೂ ಎತ್ತಿಕೊಳ್ಳಲಾರರು.

ಎತ್ತಿಕೊಳ್ಳಲು ಕಾದವರಿದ್ದರು. ಅವಳು ತುಂಬು ಬಸುರಿಯಾಗಿದ್ದಾಗ ಗಂಡ ಜ್ವರ ಬಂದು ತೀರಿಕೊಂಡಿದ್ದ. ಅವನ ಅಣ್ಣ ಕಾಟಪ್ಪನಿಗೆ ಮಕ್ಕಳಿರಲಿಲ್ಲ. ಕಾಟಪ್ಪನ ಹೆಂಡತಿ ಕ್ಯಾತಮ್ಮ ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಅವಳು ದಿನವೂ ಬಿಸಿ ಮುದ್ದೆ ತಂದು ದೂರದಲ್ಲಿಟ್ಟು, ಕೂಸಿನ ಕಡೆ ಕಣ್ಣು ತುಂಬ ನೋಡಿ ಹೋಗುತ್ತಿದ್ದಳು. ಆ ನೋಟ ಕಂಡಾಗ ಕೊಟ್ಟುಬಿಡೋಣ ಎನ್ನಿಸುತ್ತಿತ್ತು. ಕೂಸು ಎದೆಗೆ ಬಾಯಿ ಹಾಕಿದಾಗ ಸತ್ತರೂ ಕೊಡಲಾರೆ ಎನ್ನಿಸುತ್ತಿತ್ತು.

ಯತ್ತಪ್ಪ ಚಿಕ್ಕಂದಿನಲ್ಲಿ ಅವಳ ಜೊತೆ ಕುರಿ ಕಾದವನು. ಮದುವೆಯಾಗಿ ಅವಳು ಬೇರೆ ಮನೆಗೆ ಹೋದಮೇಲೆ ಅವನು ಅವಳ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ. ಈಗ ದಿನಾ ಬೆಳಿಗ್ಗೆ ಅವನದೊಂದು ಮರಿ ಕಳೆದುಹೋಗುತ್ತಿತ್ತು.

ಅಂದು ಅವನ ಕಣ್ಣು ಹೊಳೆಯುತ್ತಿತ್ತು. ಟವೆಲ್ಲಿನ ಗಂಟು ಬಿಚ್ಚಿ ಎಲೆ ಅಡಿಕೆ ತೋರಿಸಿದ.

"ಹಿರೀರು ವೀಳ್ಯ ಕೊಟ್ರು ಗೌರಿ. ನಮ್ ಕೂಡಿಕೆಗೆ ಒಪ್ಕೊಂಬುಟ್ರು!"

ಗೌರಕ್ಕನ ಮುಖ ಕೆಂಪೇರಿತು. ಮತ್ತೊಮ್ಮೆ ಮದುವಣಗಿತ್ತಿಯಾಗುವ ಆಸೆ ತನಗಿಷ್ಟು ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ.

"ಸುಮ್ಕೆ ಒಪ್ಪಿದ್ರಾ?"

ಅವನು ಬೇಲಿ ನೋಡಿದ. "ಕೂಸು ಆ ಮನೇದಂತೆ. ಕ್ಯಾತಕ್ಕನ ಮಡ್ಲಿಗೆ ಹಾಕಿ ನೀನು ನಮ್ಮನೆಗೆ ಬರೋದು. ಹೂಂ ಅಂದೆ."

"ನನ್ನ ಕೇಳಿದ್ಯಾ?"

"ನಿಂಗೋಸ್ಕರಾನೇ ಕಣೆ..."

"ನನ್ನ ಕೇಳಿದ್ಯಾ ಯತ್ತಪ್ಪ?"

ಅವನು ಎಲೆ ಅಡಿಕೆಯನ್ನು ಮತ್ತೆ ಟವೆಲ್ಲಿಗೆ ಗಂಟು ಹಾಕಿದ. ಅವನ ಮೇಲೆ ಅವಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ದುಃಖ ಬಂತು.

ಮಧ್ಯಾಹ್ನ ನರ್ಸ್ ರಾಮಾಂಜಿನಮ್ಮ ಬಂದಳು. ಪಾವಗಡದ ಕಡೆಯವಳು, ಹಟ್ಟಿಯ ಕಟ್ಟುಪಾಡು ಅವಳಿಗಿರಲಿಲ್ಲ. ಒಳಗೇ ಬಂದು ಕೂಸನ್ನು ಎತ್ತಿಕೊಂಡಳು. ಗೌರಕ್ಕ ಅಳುತ್ತಾ ನಡೆದದ್ದನ್ನೆಲ್ಲ ಹೇಳಿದಳು.

"ಏಡವಕು ತಲ್ಲೀ, ಅಳಬೇಡ. ಗಂಡ ಇಲ್ದಿದ್ ಮ್ಯಾಲೆ ಈ ಮಾತು ನಿಂದೊಬ್ಳುದೇ. ಹೆತ್ತೋಳು ಒಪ್ಪಿ, ತಾನೇ ಎತ್ತಿ ಕೊಡ್ಬೇಕು. ಇಲ್ಲಾಂದ್ರೆ ಅದು ದತ್ತೇ ಅಲ್ಲ. ಕಾನೂನೇ ಅಂಗೈತೆ."

"ಕೊಟ್ಬುಟ್ರೆ?"

"ಆಮ್ಯಾಕೆ ವಾಪಸ್ ಕೇಳಂಗಿಲ್ಲ. ಅದುಕ್ಕೇ ನಿಧಾನ್ವಾಗಿ ಯೋಚ್ನೆ ಮಾಡು. ಯಾರ ಭಯಕ್ಕೂ ಕೊಡಬ್ಯಾಡ, ಯಾರ ಪ್ರೀತಿಗೂ ಕೊಡಬ್ಯಾಡ."

ಕೊನೆಯ ಮಾತು ಗೌರಕ್ಕನಿಗೆ ಚುರುಕ್ಕೆಂದಿತು.

ಮರುದಿನ ಅವಳೇ ಬೇಲಿಯ ಹತ್ತಿರ ಬಂದಳು. "ಕೂಸು ಬುಟ್ಟು ನಾನು ಬರಾಕಿಲ್ಲ."

"ಪಾವಗಡದ ಬಸ್ ಹತ್ಬುಡಾನ. ಮೂವರೂವೆ."

"ನಿನ್ ತಂಗೀರು? ನಿಮ್ಮನೆಯೋರ್ನ ಹಟ್ಟಿಯಿಂದ ಹೊರಗಾಕುದ್ರೆ ಅವರ್ನ ಯಾರು ಮದ್ವೆ ಆಗ್ತಾರೆ?" ಅವಳ ದನಿ ಒಡೆಯಿತು. "ವೀಳ್ಯ ಬ್ಯಾರೆ ತಗೊಂಡಿದ್ದೀಯ. ಎಲ್ರ ಮುಂದೆ ಕೂಸು ಕೊಡಲ್ಲ ಅಂದ್ರೆ ಮಾತು ತಪ್ಪಿದೋಳು ನಾನಾಗ್ತೀನಿ."

ಯತ್ತಪ್ಪ ತಿರುಗಿ ಹಟ್ಟಿಯೊಳಕ್ಕೆ ನಡೆದ. ಆಮೇಲೆ ಅವನ ಮರಿ ಕಳೆದುಹೋಗಲಿಲ್ಲ.

ಸೂತಕ ಕಳೆದ ದಿನ ಗೌರಕ್ಕ ಮಿಂದು, ಕೂಸನ್ನೆತ್ತಿಕೊಂಡು ಹಟ್ಟಿಯೊಳಗೆ ಬಂದಳು. ಗುಡಿಯ ಮುಂದೆ ಎಲ್ಲರೂ ಸೇರಿದ್ದರು. ಕ್ಯಾತಮ್ಮ ಹೊಸ ಸೀರೆಯುಟ್ಟು ಸೆರಗು ಹಾಸಿ ಕೂತಿದ್ದಳು.

"ಕೊಡಮ್ಮ, ಎಲ್ರೂ ಕಾಯ್ತಾವ್ರೆ," ಎಂದರು ಹಟ್ಟಿಯ ಯಜಮಾನರು.

ಗೌರಕ್ಕನ ಕೈ ಏಳಲಿಲ್ಲ. ಆಗ ಗುಂಪಿನಿಂದ ಯತ್ತಪ್ಪ ಎದ್ದು ಬಂದು, ಟವೆಲ್ಲಿನ ಗಂಟು ಬಿಚ್ಚಿ ಬಾಡಿದ ಎಲೆಗಳನ್ನು ಯಜಮಾನರ ಮುಂದಿಟ್ಟ.

"ಮಾತು ಕೊಟ್ಟೋನು ನಾನು. ಅವಳ್ನ ಕೇಳ್ದೆ ಕೊಟ್ಟೆ. ತಪ್ಪು ನಂದು, ವೀಳ್ಯ ವಾಪಸ್ ತಗಳಿ."

"ವಾಪಸ್ ಕೊಟ್ರೆ ಕೂಡಿಕೇನೂ ಇಲ್ಲ ಕಣ್ಲಾ. ಇನ್ನೊಂದ್ಸಲ ಕೇಳಂಗಿಲ್ಲ."

"ಗೊತ್ತು," ಎಂದ. ಗೌರಕ್ಕನ ಕಡೆ ನೋಡಲಿಲ್ಲ.

ಅದುವರೆಗೆ ಯಾರೂ ಕೇಳದಿದ್ದುದನ್ನು ಯಜಮಾನರು ಆಗ ಕೇಳಿದರು. "ನೀನೇನಂತೀಯಮ್ಮ?"

"ನನ್ನ ಕೂಸು ನನ್ ತಾವೇ ಇರ್ಲಿ."

ಕ್ಯಾತಮ್ಮ ಹಾಸಿದ್ದ ಸೆರಗನ್ನು ಮೆಲ್ಲಗೆ ಮಡಚತೊಡಗಿದಳು. ಗೌರಕ್ಕ ಅವಳ ಪಕ್ಕ ಕೂತು ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿದಳು. "ಎತ್ಕೋ ಅಕ್ಕ. ದಿನಾ ಎತ್ಕೋ. ಹಸಿವಾದಾಗ ಮಾತ್ರ ನಂಗೆ ಕೊಡು." ಇಬ್ಬರೂ ಒಟ್ಟಿಗೇ ಅತ್ತರು.

ಆ ವಾರವೇ ಯತ್ತಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಮೇವಿಗೆ ಹೊರಟ. ಈಗ ಹಟ್ಟಿಯ ಬೇಲಿಯ ಒಳಗೆ ಅವಳು, ಹೊರಗೆ ಅವನು.

"ಯಾವಾಗ ಬತ್ತೀಯ?"

"ತಂಗೀರ ಮದ್ವೆಗೆ." ಅವನು ನಗಲು ನೋಡಿದ. "ಒಂದ್ಸಲ ಮುಟ್ಲಾ? ಈಗ ಸೂತಕ ಇಲ್ವಲ್ಲ."

ಅವಳು ಕೂಸನ್ನು ಮುಳ್ಳಿನ ಮೇಲಕ್ಕೆ ಎತ್ತಿ ಹಿಡಿದಳು. ಕೂಸು ಅವನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಬುಡ್ತಾನೇ ಇಲ್ಲ ಕಣೆ."

"ನೀನೇ ಬುಡಿಸ್ಕೋ. ನನ್ ಕೈಲಾಗಲ್ಲ."

ಅವನು ಒಂದೊಂದಾಗಿ ಆ ಪುಟ್ಟ ಬೆರಳುಗಳನ್ನು ಬಿಡಿಸಿಕೊಂಡ. ಕುರಿಗಳು ಆಗಲೇ ಮುಂದೆ ಹೋಗಿದ್ದವು.

ಗೌರಕ್ಕ ಬೇಲಿಯ ಬಳಿ ನಿಂತು ಅತ್ತಳು. ಕೂಸು ಹಸಿದು ಅಳುವವರೆಗೂ ಅತ್ತಳು. ಆಮೇಲೆ ಒಳಗೆ ಹೋಗಿ ಹಾಲೂಡಿಸಿದಳು.