ಅಮ್ಮನ ಹಾಡಿನ ಉಳಿದರ್ಧ

ಹಾಡಹಗಲಲ್ಲಿ ನಡೆದದ್ದಾದ್ದರಿಂದ ಇದನ್ನು ದೆವ್ವದ ಕಥೆ ಅನ್ನಲು ನನಗೇ ಸಂಕೋಚ. ನಾನೂ ಅಕ್ಕನೂ ದೋಣಿಯಲ್ಲಿ ದ್ವೀಪಗಳನ್ನು ಸುತ್ತಲು ಹೋಗಿದ್ದೆವು. ಎರಡನೇ ದ್ವೀಪದ ಹತ್ತಿರ ದೋಣಿಯವನು ನೀರಿನ ಕನ್ನಡಕ, ಉಸಿರಾಡುವ ಕೊಳವೆ ಕೊಟ್ಟು, "ಇಲ್ಲಿ ಇಳಿದ ಮೇಲೆ ಕೊಳವೆಯೊಳಗೇ ಏನಾದರೂ ಗುನುಗ್ತಾ ಇರಿ. ನಿಲ್ಲಿಸಬೇಡಿ," ಅಂದ.

"ಮೀನುಗಳಿಗೆ ಕಚೇರಿ ಮಾಡಬೇಕಾ?" ಅಂತ ಅಕ್ಕ ನಕ್ಕಳು. ಅವನು ನಗಲಿಲ್ಲ.

ನನ್ನ ಬಾಯಿಗೆ ಬಂದದ್ದು ಅಮ್ಮನ ಜೋಗುಳ. ಅಮ್ಮ ತಾನೇ ಕಟ್ಟಿದ್ದು. ಅರ್ಧಕ್ಕೇ ನಮಗೆ ನಿದ್ದೆ ಹತ್ತುತ್ತಿದ್ದರಿಂದ ಮುಂದಿನ ರಾಗ ಇಬ್ಬರಿಗೂ ಗೊತ್ತಿರಲಿಲ್ಲ. ಅಮ್ಮ ಹೋದಮೇಲೆ ಕೇಳೋಣವೆಂದರೆ ಯಾರಿದ್ದಾರೆ?

ಕೆಳಗೆ ಹವಳಗಳ ನಡುವೆ ದೊಡ್ಡ ಕಡಲಾಮೆಯೊಂದು ಪಾಚಿ ಮೇಯುತ್ತಿತ್ತು. ಅದನ್ನು ನೋಡುತ್ತಾ ಗುನುಗುವುದನ್ನೇ ಮರೆತು ಉಸಿರು ಬಿಗಿಹಿಡಿದೆ. ಆದರೂ ಕೊಳವೆಯಲ್ಲಿ ಉಸಿರಾಟದ ಸದ್ದು ನಿಲ್ಲಲಿಲ್ಲ. ಬೆಚ್ಚಗಿದ್ದ ನೀರು ಎಡಗಿವಿಯ ಹತ್ತಿರ ಮಾತ್ರ ಕೊರೆಯುತ್ತಿತ್ತು. ಆಮೆ ತಲೆಯೆತ್ತಿತು, ನೋಡಿದ್ದು ನನ್ನನ್ನಲ್ಲ, ನನ್ನ ಪಕ್ಕಕ್ಕೆ. ಆಮೇಲೆ ನಾನು ಬಿಟ್ಟಲ್ಲಿಂದ ಹಾಡು ಮುಂದುವರಿಯಿತು, ನಿಧಾನವಾಗಿ, ಕೊನೆಯವರೆಗೂ.

ದೋಣಿ ಹತ್ತಿದಾಗ ಅವನು ನನ್ನ ಮುಖ ನೋಡಿ, "ನಿಲ್ಲಿಸಿದ್ರಾ?" ಅಂತ ಕೇಳಿದ. ಹೌದೆಂದು ತಲೆಯಾಡಿಸಿದೆ. ಅವನು ದೋಣಿಯನ್ನು ದಡದ ಕಡೆ ತಿರುಗಿಸಿದ.

ಈಗ ನನಗೆ ಆ ಹಾಡು ಪೂರ್ತಿ ಬರುತ್ತೆ. "ನನಗೂ ಕಲಿಸೇ," ಅಂತ ಅಕ್ಕ ದುಂಬಾಲು ಬಿದ್ದಿದ್ದಾಳೆ. ಎಷ್ಟು ಸಲ ಎದುರಿಗೆ ಕೂರಿಸಿಕೊಂಡು ಗುನುಗಿದೆನೋ ಲೆಕ್ಕವಿಲ್ಲ. ಹಾಡು ಅರ್ಧಕ್ಕೆ ಬರುವಷ್ಟರಲ್ಲಿ, ಬೆಳಗಾಗಲಿ ಮಧ್ಯಾಹ್ನವಾಗಲಿ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಅಕ್ಕ ನಿದ್ದೆ ಹೋಗಿರುತ್ತಾಳೆ.